ಉಪ್ಪಿಟ್ಟಿನ ಮುಂದೆ ಪೆಂಗ್ವಿನ್

ಹೆಣ್ಣು ನೋಡಲು ಹೋದಲ್ಲೆಲ್ಲ ನನಗಿಂತ ಮೊದಲೇ ಪೆಂಗ್ವಿನ್ ಹೋಗಿ ಕೂತಿರುತ್ತದೆ. ಹುಡುಗ ಕಡೂರಿನ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರ ಹೇಳಿಕೊಡುತ್ತಾನೆ ಎಂದರೆ ಸಾಕಲ್ಲವೇ? ಸೋದರಮಾವ "ಪೆಂಗ್ವಿನ್ ಮೇಲೆ ಪಿಎಚ್‌ಡಿ ಕಣ್ರೀ" ಎಂದು ಸೇರಿಸುತ್ತಾರೆ. ಅವರೂ ಪೆಂಗ್ವಿನ್ ಕಂಡವರಲ್ಲ. ನಾನೂ ಅಷ್ಟೆ.

೧. ಯಗಟಿ

ಹುಡುಗಿಯ ಅಜ್ಜಿ ಆ ಹಕ್ಕಿಯ ಸಂಸಾರ ಹೇಗೆ ಎಂದು ವಿಚಾರಿಸಿದರು. ಎಂಪರರ್ ಜಾತಿಯಲ್ಲಿ ಹೆಣ್ಣು ಮೊಟ್ಟೆಯಿಟ್ಟು, ಗಂಡಿಗೆ ಒಪ್ಪಿಸಿ, ಹೊಟ್ಟೆ ತುಂಬಿಸಿಕೊಳ್ಳಲು ಸಮುದ್ರಕ್ಕೆ ಹೋಗುತ್ತದೆ. ಗಂಡು ಎರಡು ತಿಂಗಳು ಮೊಟ್ಟೆಯನ್ನು ಪಾದದ ಮೇಲಿಟ್ಟುಕೊಂಡು ಉಪವಾಸ ನಿಂತಿರುತ್ತದೆ ಎಂದೆ.

ಅಜ್ಜಿ ಮೂಲೆಯಲ್ಲಿದ್ದ ಅಜ್ಜನ ಕಡೆ ತಿರುಗಿದರು. "ಕೇಳಿಸ್ತಾ?"

ಅಜ್ಜನಿಗೆ ಕೇಳಿಸಿತ್ತು. ಮಾರನೆಯ ದಿನ ಜಾತಕ ಕೂಡಲಿಲ್ಲ.

೨. ತರೀಕೆರೆ

ಇಲ್ಲಿ ಹುಡುಗಿಯ ಅಪ್ಪನಿಗೆ ವಾಟ್ಸಾಪ್ ಜ್ಞಾನವಿತ್ತು. ಪೆಂಗ್ವಿನ್ ಸಾಯುವವರೆಗೂ ಒಂದೇ ಜೋಡಿಯಂತೆ, ಹೌದಾ ಎಂದರು. ಹೌದು ಎಂದಿದ್ದರೆ ಇಂದು ನಾನು ಅವರ ಅಳಿಯ. ಎಲ್ಲ ಜಾತಿಯೂ ಹಾಗಲ್ಲ, ಎಂಪರರ್‌ಗಳಲ್ಲಿ ಹೆಚ್ಚಿನವು ಮರುವರ್ಷ ಬೇರೆ ಜೋಡಿ ಕಟ್ಟುತ್ತವೆ ಎಂದುಬಿಟ್ಟೆ.

ಉಪ್ಪಿಟ್ಟು ಬಂದಾಗಿತ್ತು. ಒಳಗಿನಿಂದ ಕೇಸರಿಬಾತಿನ ಪರಿಮಳವೂ ಬರುತ್ತಿತ್ತು. ಕೇಸರಿಬಾತ್ ಬರಲಿಲ್ಲ.

೩. ಅಜ್ಜಂಪುರ

ಹೊಸಿಲು ದಾಟುವ ಮುಂಚೆ ಮಾವ ತಾಕೀತು ಮಾಡಿದರು. "ಲೇ, ಆ ಹಕ್ಕಿ ಸುದ್ದಿ ಎತ್ತಿದ್ರೆ ಇನ್ಮೇಲೆ ನಿನ್ ಜೊತೆ ಬರಲ್ಲ ಕಣೋ."

ಕಾಫಿ ತಂದ ಹುಡುಗಿ ಒಳಗೆ ಹೋಗದೆ ನಿಂತಳು. "ಒಂದ್ ಕೇಳ್ಲಾ? ಹಗಲೂ ರಾತ್ರಿ ಮಂಜಿನ ಮೇಲೆ ನಿಂತ್ರೂ ಪೆಂಗ್ವಿನ್ ಕಾಲು ಯಾಕೆ ಹೆಪ್ಪುಗಟ್ಟಲ್ಲ?"

ಇಷ್ಟು ವರ್ಷದಲ್ಲಿ ತಿಳಿಯಬೇಕೆಂದೇ ನನ್ನನ್ನು ಕೇಳಿದವಳು ಅವಳೊಬ್ಬಳು. ಬಾಯಿ ತೆರೆದೆ. ಮಾವನ ಪಾದ ನನ್ನ ಪಾದದ ಮೇಲೆ ಬಲವಾಗಿ ಕೂತಿತು.

"ಗೊತ್ತಿಲ್ಲ" ಎಂದೆ. ಅವಳು ಲೋಟ ತೆಗೆದುಕೊಂಡು ಒಳಗೆ ಹೋದಳು.

ವಾಪಸು ಬರುವಾಗ ಬಸ್ಸಿನಲ್ಲೇ ಫೋನ್ ಬಂತು. ಓದಿದ್ದೇ ಗೊತ್ತಿಲ್ಲದ ಹುಡುಗ ಬೇಡ ಅಂದಳಂತೆ. ಬೀರೂರು ಬರುವವರೆಗೆ ಮಾವನಿಗೇ ಉತ್ತರ ಒಪ್ಪಿಸಿದೆ: ಕಾಲಿಗೆ ಇಳಿಯುವ ಬಿಸಿ ರಕ್ತ, ಪಕ್ಕದಲ್ಲೇ ಮೇಲೇರುವ ತಣ್ಣನೆಯ ರಕ್ತವನ್ನು ಕಾಯಿಸುತ್ತಾ ಬರುತ್ತದೆ; ಮೈ ಬಿಸಿ ಉಳಿಯುತ್ತದೆ, ಪಾದಕ್ಕೆ ಹೆಪ್ಪುಗಟ್ಟದಷ್ಟು ಶಾಖ ಸಿಗುತ್ತದೆ.

ಮಾವ ಬೆರಗಾಗಿ ಕೇಳಿಸಿಕೊಂಡರು. ಆಮೇಲೆ ಸಿಟ್ಟಾದರು. "ಇಷ್ಟ್ ಚೆನ್ನಾಗಿ ಹೇಳ್ತೀಯ, ಅಲ್ಲೇ ಹೇಳೋಕೇನಾಗಿತ್ತೋ ನಿಂಗೆ?"

"ಪೆಂಗ್ವಿನ್ ಪಾದದ ಮೇಲೆ ಮೊಟ್ಟೆ ಇರುತ್ತೆ ಮಾವ. ನನ್ನ ಪಾದದ ಮೇಲೆ ನೀವಿದ್ರಿ."