ಶೈಲಾಳ ಎರಡು ಜೊತೆ ಕಪ್ಪೆಗಾಲು

ಗಂಡ ದೂರದೂರಿನಲ್ಲಿದ್ದರೆ ಹೆಂಡತಿಯಾದವಳು ‘ನಾನು ಒಬ್ಬಂಟಿ’ ಎಂದು ನಾಲ್ಕು ಜನರ ಮುಂದೆ ಹೇಳಿಕೊಳ್ಳಬಹುದು. ಕೇಳಿದವರು ಲೊಚಗುಟ್ಟಿ ಒಂದು ಕಪ್ ಚಹಾ ಆದರೂ ಕೊಡುತ್ತಾರೆ. ಗಂಡ ದಿನವಿಡೀ ಮನೆಯಲ್ಲೇ, ಹಜಾರದಿಂದ ಅಡುಗೆಮನೆಗೆ, ಅಡುಗೆಮನೆಯಿಂದ ಅಂಗಳಕ್ಕೆ ಓಡಾಡಿಕೊಂಡಿರುವಾಗ ಅದೇ ಮಾತು ಹೇಳಿದರೆ ನಂಬುವವರು ಯಾರು? ವಿಜಯಪುರದ ಶೈಲಾಳ ಸಂಕಟ ಇದಾಗಿತ್ತು.

ಅವಳ ಗಂಡ ಚೇತನಕುಮಾರ ಒಣದ್ರಾಕ್ಷಿಯ, ಅಲ್ಲಿನವರ ಬಾಯಲ್ಲಿ ಮಣೂಕದ, ದಲಾಲಿ. ಸೊಲ್ಲಾಪುರ ರಸ್ತೆಯಲ್ಲಿ ಬೋರ್ಡು ಹಾಕಿದ ಕಚೇರಿಯೊಂದಿತ್ತು, ಅದು ಹೆಸರಿಗೆ. ನಿಜವಾದ ಕಚೇರಿ ಅವನ ಬಲಗಿವಿ. ತಿಕೋಟಾದ ರೈತರು ಮಾಲು ತಂದು ಆ ಕಿವಿಯಲ್ಲಿ ಸುರಿಯುತ್ತಿದ್ದರು, ತಾಸಗಾಂವಿನ ವ್ಯಾಪಾರಿಗಳು ಅದೇ ಕಿವಿಯಿಂದ ತೂಗಿಸಿಕೊಂಡು ಒಯ್ಯುತ್ತಿದ್ದರು. ಫೋನು ಅಲ್ಲಿಂದ ಇಳಿಯುತ್ತಿದ್ದುದು ಚಾರ್ಜಿಗೆ ಹಾಕುವಾಗ ಮಾತ್ರ. ಆಗಲೂ ಅವನು ಗೋಡೆಗೆ ಒರಗಿ, ವಾಯರು ಎಳೆದಷ್ಟು ದೂರದಲ್ಲಿ ಕಟ್ಟಿಹಾಕಿದ ಕರುವಿನಂತೆ ನಿಂತು ಮಾತಾಡುತ್ತಿದ್ದ.

ಒಂದು ಮಧ್ಯಾಹ್ನ ಅವನು ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ಮದುವೆಯ ಹೊಸದರಲ್ಲಿ ಕೇಳಿದ್ದಂಥ ಮೆತ್ತನೆ ದನಿಯಲ್ಲಿ, “ಉಂಡ್ಯಾ ಇಲ್ಲ ಇನ್ನಾ? ಬಿಸಲಾಗ ಬಾಳ ದಣದಿ ನೋಡು,” ಎಂದ.

ರೊಟ್ಟಿ ಬಡಿಯುತ್ತಿದ್ದ ಶೈಲಾಳ ಕೈ ನಿಂತಿತು. “ಇಲ್ರಿ. ನೀವು ಬರ್ಲಿ ಅಂತ ಕುಂತೇನಿ.”

ಅವನು ಹುಬ್ಬೇರಿಸಿ ಕಿವಿಯ ಕಡೆ ಬೆರಳು ತೋರಿಸಿದ. ಆ ತುದಿಯಲ್ಲಿದ್ದವನು ತಾಸಗಾಂವಿನ ತುಕಾರಾಮ. (ತುಕಾರಾಮ ಉಂಡಿದ್ದನಂತೆ.)

ಮೂರು ವರ್ಷದ ಮಗ ಸಂಗು ಕೂಡ ಟಿವಿಯ ರಿಮೋಟನ್ನು ಕಿವಿಗೆ ಹಚ್ಚಿ ಅಪ್ಪನ ಹಿಂದೆ ಹಿಂದೆ ಸುತ್ತುತ್ತ, “ರೇಟ್ ಏನ್ ಹೇಳ್ತಿ?” ಎನ್ನುವುದನ್ನು ಕಲಿತಿದ್ದ. ಮನೆಯಲ್ಲಿ ಶೈಲಾಳ ಜೊತೆ ಬಿಡುವಾಗಿ ಮಾತಾಡುತ್ತಿದ್ದುದು ಕುಕ್ಕರೊಂದೇ.

ಇಂಥ ದಿನಗಳಲ್ಲೇ ಅವಳು ಆ ವಿಡಿಯೋ ನೋಡಿದ್ದು. ಅಂಡಮಾನಿನ ತಿಳಿ ಸಮುದ್ರ, ಬಣ್ಣಬಣ್ಣದ ಮೀನು, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಕೈ ಕೈ ಹಿಡಿದು ತೇಲುವ ಗಂಡ ಹೆಂಡತಿ. ಮೀನುಗಳನ್ನು ಅವಳು ಅಷ್ಟು ಗಮನಿಸಲಿಲ್ಲ. ಇಳಿಯುವ ಮುಂಚೆ ಕಲಿಸುವವನು ಒಂದು ಬುಟ್ಟಿ ಹಿಡಿದು ಎಲ್ಲರ ಫೋನುಗಳನ್ನು ಇಸಿದುಕೊಂಡನಲ್ಲ, ಆ ಭಾಗವನ್ನು ಮಾತ್ರ ಮತ್ತೆ ಮತ್ತೆ ಹಿಂದಕ್ಕೆ ಎಳೆದು ನೋಡಿದಳು. ನೀರಿನೊಳಗೆ ಅರ್ಧ ತಾಸು. ಗಂಡನ ಎರಡೂ ಕಿವಿ ಖಾಲಿ. ಮಾತಾಡುವುದು ಸಾಧ್ಯವಿಲ್ಲ, ನಿಜ. ಆದರೆ ಯಾರೊಂದಿಗೂ ಮಾತಾಡದ ಗಂಡನ ಪಕ್ಕದಲ್ಲಿ ಸುಮ್ಮನೆ ಇರುವುದೂ ಅವಳ ಪಾಲಿಗೆ ದೊಡ್ಡ ಐಶ್ವರ್ಯವಾಗಿತ್ತು.

“ದೀಪಾವಳಿ ದಾಟಿದ ಮ್ಯಾಲ ಅಂಡಮಾನಕ್ಕ ಹೋಗೂಣ್ರಿ,” ಎಂದಳು. ಅವನು ಫೋನಿನಲ್ಲೇ ಇದ್ದು ತಲೆಯಾಡಿಸಿದ. ಆ ತಲೆಯಾಟ ಯಾರಿಗೆ ಸೇರಿದ್ದೋ, ಅವಳು ತನ್ನದೆಂದೇ ತೆಗೆದುಕೊಂಡು ಟಿಕೆಟು ಮಾಡಿಸಿಬಿಟ್ಟಳು.

ಅತ್ತೆ ಅಕ್ಕನಾಗಮ್ಮ ಟಿಕೆಟ್ಟಿನಲ್ಲಿದ್ದ, ಅಂಡಮಾನಿನ ರಾಜಧಾನಿಗೆ ಈಚೆಗೆ ಇಟ್ಟ ಹೊಸ ಹೆಸರನ್ನು ಕೇಳಿ ತಿಳಿದುಕೊಂಡಳು. “ಶ್ರೀ ವಿಜಯಪುರಂ ಅಂತ. ವಿಜಯಪುರದಿಂದ ವಿಜಯಪುರಕ್ಕ ಹೋಗಾಕ ವಿಮಾನ ಯಾಕ ಬೇಕ ಯವ್ವಾ? ಆಟೋದವ ಒಯ್ಯಂಗಿಲ್ಲೇನು?”

ಇನ್ನು ಉಳಿದದ್ದು ಕಾಲಿಗೆ ಹಾಕುವ ಫಿನ್ನುಗಳು, ಕಪ್ಪೆಯ ಪಾದದಂಥವು. ಅಲ್ಲೇ ಬಾಡಿಗೆಗೆ ಸಿಗುತ್ತವೆ. ಆದರೆ ಶೈಲಾಳಿಗೆ ಗಂಡ ಗೊತ್ತು. ಯಾರದೋ ಕಾಲಿನ ಫಿನ್ನು, ಹಿಮ್ಮಡಿಗೆ ಕಚ್ಚುತ್ತದೆ, ಭಾರ ಆಗುತ್ತದೆ ಎಂದು ನೆಪ ತೆಗೆದನೆಂದರೆ ದಂಡೆಯಲ್ಲಿ ಕೂತುಬಿಡುತ್ತಾನೆ. ದಂಡೆಯಲ್ಲಿ ಕೂತನೆಂದರೆ ಕೈಗೆ ಫೋನು. ಅವಳ ದಾಂಪತ್ಯಸುಖ ಎಂಬ ಮಹಾಸೌಧ ಸದ್ಯಕ್ಕೆ ನಿಂತಿದ್ದುದು ಒಂದು ಜೊತೆ ರಬ್ಬರಿನ ಮೇಲೆ.

ಗಾಂಧಿ ಚೌಕದ ಆಟದ ಸಾಮಾನಿನ ಅಂಗಡಿಯಲ್ಲಿ ಕಾಸಿಮಸಾಬ ಅವಳು ಫೋನಿನಲ್ಲಿ ತೋರಿಸಿದ ಚಿತ್ರವನ್ನು ಉಲ್ಟಾ ಸೀದಾ ಮಾಡಿ ನೋಡಿದ. “ಅಕ್ಕಾರ, ನಮ್ಮ ಓಣ್ಯಾಗ ನಳಾ ಬಂದ್ರ ಮಂದಿ ಕೊಡಾ ತಗೊಂಡು ಓಡ್ತಾರ. ಇಂಥಾದ್ದು ಕಾಲಿಗೆ ಹಾಕ್ಕೊಂಡು ಎಲ್ಲಿಗೆ ಓಡ್ಲಿಕ್ಕರಿ? ಕ್ರಿಕೆಟ್ ಪ್ಯಾಡ್ ಕೊಡ್ಲೇನು? ಅವೂ ಕಾಲಿಗೇ ಕಟ್ಟೂವ.”

ಹಾಗಾಗಿ ಆನ್‌ಲೈನಿಗೇ ಹೋಗಬೇಕಾಯಿತು. ತೊಗರಿಬೇಳೆ ಆರಿಸಿದಷ್ಟೇ ನಿಷ್ಠೆಯಿಂದ ಅವಳು ಫಿನ್ನು ಆರಿಸಿದಳು. ಉದ್ದ ಗರಿಯ, ಗಡಸು ರಬ್ಬರಿನವು ಜೋರು ಸೆಳವಿಗೆ. ಬೂಟು ತೊಟ್ಟು ಪಟ್ಟಿ ಬಿಗಿಯುವಂಥವು ತಣ್ಣನೆ ಸಮುದ್ರಕ್ಕೆ. ಬೆಚ್ಚನೆ ನೀರಿಗೆ ಬೂಟೂ ಬೇಡ, ಪಟ್ಟಿಯೂ ಬೇಡ. ಬರಿಗಾಲನ್ನು ಚಪ್ಪಲಿಗೆ ತೂರಿಸಿದಂತೆ ತೂರಿಸುವ, ಮೆತ್ತನೆಯ, ಗಿಡ್ಡ ಗರಿಯವು ಸಾಕು. ವಿಮಾನದ ಚೀಲಕ್ಕೂ ಹಗುರ. ಇಷ್ಟೆಲ್ಲ ಜ್ಞಾನ ಅವಳಿಗೆ ಸಂಗುವಿಗೆ ಉಣಿಸುತ್ತ ಉಣಿಸುತ್ತಲೇ ಬಂತು. ಅದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲವಾದ್ದರಿಂದ ಸಂಗುವಿಗೇ ಹೇಳಿದಳು. ಸಂಗು, “ರೇಟ್ ಏನ್ ಹೇಳ್ತಿ?” ಎಂದ.

ಗಂಡನ ಪಾದದ ಅಳತೆ ತೆಗೆಯುವುದು ದೊಡ್ಡ ಪಾಡಾಯಿತು. ಅವನು ನಿಂತಲ್ಲಿ ನಿಂತರೆ ತಾನೆ? ಕೊನೆಗೆ ಅವನು ಸ್ನಾನ ಮುಗಿಸಿ ಟವೆಲು ಸುತ್ತಿಕೊಂಡು ಫೋನು ಹಿಡಿದು ಹಜಾರ ಸುತ್ತುವಾಗ, ನೆಲದ ಮೇಲಿನ ಒದ್ದೆ ಹೆಜ್ಜೆಗಳ ಹಿಂದೆ ಅಳತೆಪಟ್ಟಿ ಹಿಡಿದು ಅಂಬೆಗಾಲಿಟ್ಟಳು. ಸೆಕೆಗೆ ಹೆಬ್ಬೆರಳು ಅಳೆಯುವಷ್ಟರಲ್ಲಿ ಹಿಮ್ಮಡಿ ಆರಿಹೋಗುತ್ತಿತ್ತು.

ಪಾರ್ಸಲ್ಲು ಬಂತು. ಅವನಿಗೊಂದು ಜೊತೆ, ಅವಳಿಗೊಂದು ಜೊತೆ. ಒಣದ್ರಾಕ್ಷಿಯ ಸ್ಯಾಂಪಲ್ ತೂಗುವ ತಕ್ಕಡಿಯಲ್ಲಿಟ್ಟು ನೋಡಿದಳು. ಒಂದು ಜೊತೆ ಅವಳ ಕಾವಲಿಯಷ್ಟೂ ಭಾರವಿಲ್ಲ. ಕರೆಂಟು ಹೋದಾಗ ಅತ್ತೆ ಅದರಲ್ಲೊಂದನ್ನು ಎತ್ತಿಕೊಂಡು ಬೀಸಿಕೊಂಡಳು. “ಕಪ್ಪಿಗಾಲು ಚಲೋ ಅದಾವ. ಎರಡು ಬೀಸಿಗೆ ಮೈ ತಣ್ಣಗಾತು ನೋಡು.”

ಭಾನುವಾರ ಪರೀಕ್ಷೆಗೆಂದು ಎಲ್ಲರೂ ತಿಕೋಟಾದ ತಮ್ಮ ದ್ರಾಕ್ಷಿ ತೋಟಕ್ಕೆ ಹೋದರು. ಅಲ್ಲೊಂದು ಕೃಷಿ ಹೊಂಡ. ತಳದಿಂದ ದಂಡೆಯವರೆಗೆ ಕರಿಯ ಪ್ಲಾಸ್ಟಿಕ್ ಹಾಸಿದ್ದರಿಂದ ಹೊತ್ತೇರಿದರೆ ನೀರು ಎಳೆಗೂಸಿಗೆ ಎರೆಯುವಷ್ಟು ಬೆಚ್ಚಗಾಗುತ್ತದೆ. ಬಬಲೇಶ್ವರದ ತವರಿನ ಬಾವಿಯಲ್ಲಿ ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಈಜು ಕಲಿತ ಶೈಲಾಳಿಗೆ ನೀರಿನ ಹೆದರಿಕೆ ಇರಲಿಲ್ಲ. ತೋಟ ನೋಡಿಕೊಳ್ಳುವ ಲಾಡಲೇಸಾಬ ಲಾರಿಯ ಟ್ಯೂಬೊಂದನ್ನು ನೀರಿಗೆ ಹಾಕಿ, “ಇಳಿಯೂದು ಸುಲಭ ಐತ್ರಿ. ಪ್ಲಾಸ್ಟಿಕ್ ಮ್ಯಾಲ ಕಾಲು ನಿಂದ್ರಂಗಿಲ್ಲ, ಹತ್ತೂಮುಂದ ಆ ಮೂಲ್ಯಾನ ಹಗ್ಗ ಹಿಡೀಬೇಕು,” ಎಂದು ಹೇಳಿ ಚಹಾಕ್ಕೆ ಹಾಲು ತರಲು ಹೋದ. ಶೈಲಾ ಕೇಳಿಸಿಕೊಂಡಳು. ಚೇತನಕುಮಾರ ಫೋನಿನಲ್ಲಿದ್ದ. ಅತ್ತೆ, ಸಂಗು ದೂರದ ಶೆಡ್ಡಿನ ನೆರಳಿನಲ್ಲಿದ್ದರು.

“ರೀ, ನಿಮ್ಮವೂ ಹಾಕ್ಕೋರಿ.”

ಅವನು ಮಾತಾಡುತ್ತಲೇ ಒಂದು ಕಾಲಿಗೆ ಹಾಕಿಕೊಂಡ. ಇನ್ನೊಂದಕ್ಕೆ ಎರಡು ಕೈ ಬೇಕಿತ್ತು, ಅಲ್ಲಿಗೆ ನಿಂತಿತು. ಫಿನ್ನು ತೊಟ್ಟವರು ಹಿಂದೆ ಹಿಂದಕ್ಕೆ ನಡೆಯಬೇಕೆಂದು ವಿಡಿಯೋದಲ್ಲಿ ಹೇಳಿದ್ದರು. ಶೈಲಾ ಹಾಗೆಯೇ ನಡೆದಳು. ಪ್ಲಾಸ್ಟಿಕ್ಕಿನ ಮೇಲೆ ಮೂರನೆಯ ಹೆಜ್ಜೆಗೆ ಆಕಾಶ ಕಂಡಿತು, ಆಮೇಲೆ ನೀರು. ಗಂಡ ಗಾಬರಿಯಾಗಿ ಬಾಗಿ ಎಡಗೈ ಚಾಚಿದ. ಬಲಗೈ ಕಿವಿ ಬಿಡಲಿಲ್ಲ. ಒಂಟಿ ಕಪ್ಪೆಗಾಲಿನ ಮೇಲೆ ಜಾರಿ, ‘ಹಸರು ಮಾಲು ಬ್ಯಾಡ, ಬಂಗಾರದ ಬಣ್ಣದ್ದು’ ಎನ್ನುತ್ತಲೇ ಅವನೂ ಬಂದ.

ಇಬ್ಬರೂ ಒಂದೇ ಟ್ಯೂಬಿಗೆ ಜೋತುಬಿದ್ದರು.

“ಫೋನು,” ಎಂದ ಅವನು, ಬಾಯಿಯ ನೀರು ಉಗುಳಿ.

“ಹೋತ್ರಿ.”

“ತುಕಾರಾಮ ಲೈನಿನ ಮ್ಯಾಲ ಇದ್ದ.”

“ಈಗ ಇಲ್ಲ.”

“ಮತ್ತ ಹಚ್ಚಿದ್ರ?”

“ಕಪ್ಪಿ ಎತ್ತತಾವ ಬಿಡ್ರಿ.”

ಅವನು ದಂಡೆಗೆ ಕಾಲು ಕೊಟ್ಟು ನೋಡಿದ, ಜಾರಿದ. ಮತ್ತೆ ನೋಡಿದ, ಮತ್ತೆ ಜಾರಿದ. ಮೂಲೆಯ ಹಗ್ಗ ಶೈಲಾಳಿಗೆ ಕಾಣುತ್ತಿತ್ತು. ಅವಳು ಆ ಕಡೆಗೆ ಬೆನ್ನು ತಿರುಗಿಸಿದಳು. “ಲಾಡಲೇಸಾಬ ಬರ್ಲಿ ತಡೀರಿ. ಹೋದಾವ ಬರ್ತಾನ.”

ಆಮೇಲೆ ಸದ್ದೇ ಇರಲಿಲ್ಲ. ಬಳ್ಳಿಗಳ ಸಾಲಿನಲ್ಲಿ ಗಾಳಿ ಆಡುತ್ತಿತ್ತು. ನೀರು ಬೆಚ್ಚಗಿತ್ತು. ಅವನ ಎರಡೂ ಕೈ ಟ್ಯೂಬಿನ ಮೇಲಿದ್ದವು, ಎರಡೂ ಕಿವಿ ಖಾಲಿ. ಎಡಗಡೆಯ ಕಿವಿಯ ಮೇಲೆ ಕೂದಲು ಬೆಳ್ಳಗಾಗಿದ್ದುದನ್ನು ಅವಳು ಈಗ ನೋಡಿದಳು. ಯಾವಾಗ ಆಯಿತೋ. ಇದೇ ಮನೆಯಲ್ಲಿ, ತನ್ನ ಕಣ್ಣೆದುರೇ ಆಗಿರಬೇಕು. ಮೆಲ್ಲಗೆ ತನ್ನ ಕೈಯನ್ನು ಅವನ ಕೈಯ ಹತ್ತಿರ ಸರಿಸಿದಳು. ಅಂಡಮಾನಿಗೆ ಹೋಗದಿದ್ದರೂ ನಡೆದೀತು ಎನ್ನಿಸಿತು.

ಅವನು ಅವಳ ಮುಖ ನೋಡಿದ. ಬಹಳ ಹೊತ್ತು ನೋಡಿದ.

“ಶೈಲಾ.”

ಹೆಸರಿನ ಹಿಂದೆ ‘ಚಾ ತಾ’ ಎಂಬುದು ಇರಲಿಲ್ಲ. “ಏನ್ರಿ?”

“ಒಂದ್ ಮಾತ್ ಕೇಳ್ತೇನಿ, ಖರೇ ಹೇಳ್ತಿ?”

“ಕೇಳ್ರಿ.”

“ನಿನ್ನ ಫೋನ್ ಎಲ್ಲೈತಿ?”

ಶೈಲಾ ತನ್ನ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಆಮೇಲೆ, “ಶೆಡ್ಡಿನಾಗ, ಚೀಲದಾಗ ಐತಿ. ಆ ಮೂಲ್ಯಾಗ ಹಗ್ಗ ಐತಿ, ನಡೀರಿ,” ಎಂದು ಟ್ಯೂಬನ್ನೂ ಗಂಡನನ್ನೂ ಎಳೆದುಕೊಂಡು ಹೊರಟಳು. ಹಗುರ ಫಿನ್ನುಗಳ ಬಗ್ಗೆ ಓದಿದ್ದೆಲ್ಲ ನಿಜವಾಗಿತ್ತು. ಕಾಲಿಗೆ ಒಂದಿಷ್ಟೂ ಭಾರವಾಗಲಿಲ್ಲ. ಭಾರವೆಲ್ಲ ಬೇರೆ ಕಡೆ ಇತ್ತು.

ಮರುದಿನ ಸಂಜೆ ಚೇತನಕುಮಾರ ಗಾಂಧಿ ಚೌಕದಿಂದ ಒಂದು ಡಬ್ಬಿ ತಂದ. ಫೋನು ಇನ್ನೂ ಡಬ್ಬಿಯೊಳಗಿದ್ದುದರಿಂದ ಅವನು ಸೀದಾ ಅವಳ ಜೊತೆಗೇ ಮಾತಾಡಿದ, ಅದೂ ಉಕ್ಕಿ ಬಂದ ಪ್ರೀತಿಯಿಂದ. “ನಿನ್ನಿಂದನ ಹೊಳೀತು ನೋಡು ನನಗ. ಇದು ನೀರಾಗ ಕೆಡಂಗಿಲ್ಲ, ಕೆಳಗ ಒಯ್ಯಾಕ ಬಿಡ್ತಾರಂತ.” ಸಂಗುವಿನ ಸ್ನಾನದ ತೊಟ್ಟಿಯಲ್ಲಿ ಅದನ್ನು ಮುಳುಗಿಸಿ, ಎತ್ತಿ, ಒರೆಸಿ ತೋರಿಸಿದ. ಸಂಗು ಚಪ್ಪಾಳೆ ತಟ್ಟಿದ.

“ನೀರಾಗ ರೇಂಜ್ ಬರಂಗಿಲ್ಲಲ್ರಿ,” ಎಂದಳು ಶೈಲಾ, ಕೊನೆಯ ಆಸೆಯಿಂದ.

“ರೇಂಜ್ ಯಾರಿಗೆ ಬೇಕ? ವಿಡಿಯೋ. ನಾ ಮಣೂಕದ ಪಾಕೀಟು ಹಿಡಕೊಂಡು ಮೀನಿನ ನಡುವ ನಿಂದರ್ತೇನಿ, ನೀ ತಗಿ. ಒಬ್ಬೊಬ್ಬ ಪಾರ್ಟಿಗೆ ಒಂದೊಂದು. ದ್ರಾಕ್ಷಿ ಧಂದೆದಾಗ ಸಮುದ್ರದೊಳಗ ಇಳದಾವ ಯಾರದಾನ ಹೇಳು? ಮತ್ತ ನಿನ್ನ ಫಿನ್ ಹಗೂರ ಅದಾವಲ್ಲ, ಚೀಲದಾಗ ತೂಕ ಉಳದೈತಿ. ಅದರಾಗ ಸ್ಯಾಂಪಲ್ ತುಂಬೂಣು.”

“ಸಮುದ್ರದಾಗ ಮಣೂಕ ಯಾರ್ ತಿಂತಾರೋ ಯಪ್ಪಾ?” ಎಂದಳು ಅಕ್ಕನಾಗಮ್ಮ, ಕಪ್ಪೆಗಾಲಿನಿಂದ ಗಾಳಿ ಹಾಕಿಕೊಳ್ಳುತ್ತ.

ಅಷ್ಟರಲ್ಲಿ ಹೊಸ ಫೋನಿಗೆ ತುಕಾರಾಮ ಬಂದ. ಗಂಡ ಅಂಗಳಕ್ಕೆ ಹೋದ.

ಶೈಲಾ ಖಾಲಿ ಡಬ್ಬಿ ಎತ್ತಿಡುವಾಗ ಅದರ ಹಿಂಬದಿಯ ಸಣ್ಣ ಅಕ್ಷರ ಕಣ್ಣಿಗೆ ಬಿತ್ತು. ಆರು ಮೀಟರ್ ಆಳದವರೆಗೆ ಮಾತ್ರ ನೀರಿನಿಂದ ರಕ್ಷಣೆ. ಆರು. ಅದರಿಂದಾಚೆ ಫೋನಿನವರ ಜವಾಬ್ದಾರಿ ಇಲ್ಲ. ಸಮುದ್ರವೆಂದ ಮೇಲೆ ಆರು ಮೀಟರಿಗೇ ಮುಗಿಯುತ್ತದೆಯೇ? ಏಳನೆಯ ಮೀಟರಿಗೆ ಫೋನು ಮೇಲೆ ಉಳಿಯಲೇಬೇಕು, ಗಂಡ ಮಾತ್ರ ಕೆಳಗೆ ಬರಬಹುದು. ಅವಳು ಅಡುಗೆಮನೆಯ ಬಾಗಿಲು ಮುಂದೆ ಮಾಡಿ, ಸೆರಗಿಗೆ ಕೈ ಒರೆಸಿಕೊಂಡು, ಅಂಡಮಾನಿನ ಡೈವಿಂಗಿನವರಿಗೆ ಫೋನು ಹಚ್ಚಿದಳು. ತನಗೆ ಬರುವಷ್ಟು ಹಿಂದಿಯಲ್ಲಿ, ಹೊಸಬರನ್ನು ಎಷ್ಟು ಆಳಕ್ಕೆ ಕರೆದುಕೊಂಡು ಹೋಗುತ್ತೀರಿ ಎಂದು ಕೇಳಿದಳು. ಅವಳ ದನಿ ಸ್ವಲ್ಪ ನಡುಗುತ್ತಿತ್ತು.

ಆ ಕಡೆಯವನಿಗೆ ಪಾಪ, ಹೆದರಿದ ಹೆಂಗಸೆಂದು ಕನಿಕರ ಬಂದಿರಬೇಕು.

“ಏನೂ ಗಾಬರಿಯಾಗಬೇಡಿ ಅಕ್ಕಾ,” ಎಂದ ಅವನು ಮೃದುವಾಗಿ. “ಹೊಸಬರಿಗೆ ಬರೀ ಐದು ಮೀಟರ್. ನೀವು ಕಾಲು ಹಿಡಿದು ಬೇಡಿಕೊಂಡರೂ ನಾವು ಅದಕ್ಕಿಂತ ಕೆಳಗೆ ಬಿಡುವುದಿಲ್ಲ.”