ಮುಚ್ಚಿದ ಕೋಣೆ, ಬದಲಾದ ಮೈ

ನಮ್ಮ ಕೆಲಸದಲ್ಲಿ ಬಂದ ನಗು ಅರ್ಧಕ್ಕೇ ನಿಂತು ಮೈ ಜುಮ್ಮೆನ್ನುವುದು ಆಗಾಗ ಇದ್ದದ್ದೇ. ಅಣ್ಣಿಗೇರಿಯ ಹತ್ತಿರ ಒಂದು ಹಳೆಯ ಹತ್ತಿ ಗೋದಾಮಿನೊಳಗೆ, ಹೊರಗಿನ ಗಾಳಿಯೂ ಸೇರದಂಥ ಕೋಣೆ ಕಟ್ಟಿಸಿದ್ದರು. ಅಂತರಿಕ್ಷ ನೌಕೆಯಂಥ ಜಾಗದಲ್ಲಿ ತಿಂಗಳುಗಟ್ಟಲೆ ಕೂಡಿಹಾಕಿದರೆ ಮನುಷ್ಯನ ಮೈಮೇಲಿನ ಬ್ಯಾಕ್ಟೀರಿಯಾ ಏನಾಗುತ್ತವೆ ಎಂದು ನೋಡುವ ಪ್ರಯೋಗ. ಒಳಗೆ ಇಬ್ಬರು: ಯರಗುಪ್ಪಿಯ ರೈತ ಕಾಕಾ, ನವಲಗುಂದದ ಜಮಖಾನ ವ್ಯಾಪಾರಿ ಚಾಚಾ. ಹೊರಗೆ ನಾನು, ಲ್ಯಾಬಿನವಳು.

ಕಾಕಾಗೆ ಒಂದೇ ಚಿಂತೆ, ಮನೆಯ ಎಮ್ಮೆ. ಅದು ಅವರ ವಾಸನೆ ಹಿಡಿದೇ ಹಾಲಿಳಿಸುವಂಥದ್ದು. ಹೆಂಡತಿ ಹೇಗೋ ಸಂಭಾಳಿಸುತ್ತಿದ್ದರಂತೆ. "ಬಾಯಾರ, ಹೊರಗ ಬಂದ ಮ್ಯಾಲ ನನ್ನ ಗುರುತು ಹಿಡಿತೈತಲ್ರಿ?" ಎಂದು ದಿನವೂ ಕೇಳುತ್ತಿದ್ದರು. "ಹಿಡಿಲಾರದ ಏನ್ರಿ," ಎನ್ನುತ್ತಿದ್ದೆ, ನನಗೇನು ಗೊತ್ತು!

ಕೈಯೊಳಗಿನ ಮಂದಿ

ಕಾಕಾನ ಅಂಗೈ ಒರೆಸಿ ಬೆಳೆಸಿದ ಬ್ಯಾಕ್ಟೀರಿಯಾದ ತಟ್ಟೆಯನ್ನು ಒಮ್ಮೆ ಬಾಗಿಲಿನ ಗಾಜಿಗೆ ಹಿಡಿದು ತೋರಿಸಿದೆ. ತುಂಬ ಹಳದಿ, ಬಿಳಿ ಚುಕ್ಕೆಗಳು.

"ಇವೆಲ್ಲಾ ನಿಮ್ಮ ಕೈಮ್ಯಾಲ ಇರೂವಂಥಾವ್ರಿ. ಮೈ ವಾಸನಿ ಬರೂದೂ ಇವುಗಳಿಂದನ."

ಕಾಕಾ ಬಹಳ ಹೊತ್ತು ನೋಡಿದರು. "ಇಷ್ಟ ಮಂದಿ ಕೈಯಾಗ ಕುಂತಿದ್ರೂ ಒಂದಿನಾನೂ ಯಾರೂ ಕಳೇ ಕೀಳಾಕ ಬರಲಿಲ್ಲಲ್ರಿ!"

ಗೊರಕೆ

ವಾರಗಳು ಕಳೆದಂತೆ ಕಾಕಾನ ತಟ್ಟೆಯಲ್ಲಿ ಹೊಲದ ಮಣ್ಣಿನಿಂದ ಬಂದ ಬ್ಯಾಕ್ಟೀರಿಯಾ ಕಡಿಮೆಯಾದವು. ಇಬ್ಬರ ತಟ್ಟೆಗಳೂ ಒಂದನ್ನೊಂದು ಹೋಲತೊಡಗಿದವು. ಕೊನೆಗೆ ಗೋಡೆ ಒರೆಸಿ ಬೆಳೆಸಿದ ತಟ್ಟೆಯೂ ಹಾಗೆಯೇ. ಯಾವುದು ಮನುಷ್ಯ, ಯಾವುದು ಗೋಡೆ ಎಂದು ಚೀಟಿ ನೋಡದೆ ನನಗೇ ತಿಳಿಯಲಿಲ್ಲ.

"ಅಂದ್ರ ಗ್ವಾಡಿಗೂ ನಮ್ಮ ಮೈ ಬಂದೈತಿ ಅನ್ರಿ," ಎಂದರು ಚಾಚಾ. ಗೊರಕೆ ನಿಮ್ಮದು, ನಿಮ್ಮದು ಎಂದು ಇಬ್ಬರೂ ದಿನಾ ಜಗಳಾಡುತ್ತಿದ್ದವರು. ಈಗ ಚಾಚಾ ಗೋಡೆ ತಟ್ಟಿ, "ತಪ್ಪಾತ್ರಿ ಕಾಕಾ. ಗೊರಕಿ ಹೊಡಿಯಾಂವ ನೀವಲ್ಲ, ಇಂವಾ!" ಎಂದುಬಿಟ್ಟರು.

ನಾನೂ ನಕ್ಕೆ. ಆಮೇಲೆ ಆ ಗೋಡೆಗೆ ಹೊರಗಿನಿಂದ ಒರಗಲೂ ಧೈರ್ಯವಾಗಲಿಲ್ಲ.

ಎಮ್ಮೆ

ಬಾಗಿಲು ತೆರೆದ ದಿನ ಮೂವರೂ ಯರಗುಪ್ಪಿಗೆ ಹೋದೆವು. ಕಾಕಾ ಮನೆಯೊಳಗೂ ಕಾಲಿಡದೆ ನೆಟ್ಟಗೆ ಎಮ್ಮೆಯ ಬಳಿಗೆ ನಡೆದರು. ಅದು ಅವರ ಕೈ ಮೂಸಿ, ಬುಸ್ಸೆಂದು ಹಿಂದೆ ಸರಿದು ಹಗ್ಗ ಜಗ್ಗಿತು. ಚಾಚಾ ಕೈ ನೀಡಿದರು. ಹಿಂದೆಂದೂ ಕಂಡಿರದ ಅವರನ್ನೂ ಅದೇ ರೀತಿ ಮೂಸಿತು, ಅದೇ ರೀತಿ ಹೆದರಿತು.

"ನಾನಬೇ, ನಾನ!" ಎನ್ನುವಾಗ ಕಾಕಾನ ಕಣ್ಣಲ್ಲಿ ನೀರು.

ಅಷ್ಟರಲ್ಲಿ ಹೆಂಡತಿ ತಂಬಿಗೆ ಹಿಡಿದು ಬಂದರು. ಸೀರೆಯ ಮೇಲೆ ಗಂಡನ ಒಗೆಯದ ಹಳೆಯ ಅಂಗಿ. ದಿನವೂ ಅದನ್ನು ತೊಟ್ಟೇ ಹಿಂಡುತ್ತಿದ್ದರಂತೆ. ಎಮ್ಮೆ ಆ ತೋಳು ನೆಕ್ಕಿ ಸುಮ್ಮನೆ ನಿಂತಿತು. ಅವರು ಗಂಡನನ್ನು ಮೇಲಿಂದ ಕೆಳಗೆ ನೋಡಿ, ತಾವು ತೊಟ್ಟ ಅಂಗಿಯನ್ನು ತಟ್ಟಿದರು.

"ಆಕಡೆ ನಿಲ್ರಿ. ಅದರ ಮಾಲಕರು ಬಂದಾರ, ಹಿಂಡ್ಲಿ!"