ತೂಕದ ಕಚೇರಿಯಿಂದ ಡಿಸ್ಕ್ ಹೊರಗೆ ಹೋದ ಪ್ರಕರಣ

ಕಂಪ್ಯೂಟರಿನ ಹೊಟ್ಟೆಯೊಳಗೆ ಇನ್ನೊಂದು ಕಂಪ್ಯೂಟರನ್ನು ಸ್ಥಾಪಿಸಲು ತೂಕ ಮತ್ತು ಅಳತೆ ಪರೀಕ್ಷಾ ಕಚೇರಿಗೆ ಮೇಲಿನಿಂದ ಅನುಮತಿ ಬಂದಿತು. ಒಳಗಿನ ಕಂಪ್ಯೂಟರಿಗೆ ಪ್ರತ್ಯೇಕ ಮೇಜು, ಕುರ್ಚಿ, ಫ್ಯಾನು ಕೇಳತಕ್ಕದ್ದಲ್ಲ ಎಂಬುದಷ್ಟೇ ಷರತ್ತು. ಯಾರೂ ಕೇಳಲಿಲ್ಲ. ಆ ಕಚೇರಿಗೆ ಕುರ್ಚಿ ಕೇಳದೆ ಕೆಲಸಕ್ಕೆ ಬಂದವರಲ್ಲಿ ಇದೇ ಮೊದಲನೆಯದು.

ಅಂಗಡಿಗಳ ತಕ್ಕಡಿ ಪರೀಕ್ಷಿಸಿ ಮುದ್ರೆ ಹಾಕುವುದು ಈ ಕಚೇರಿಯ ಕೆಲಸ. ಮುದ್ರೆಗಳ ಲೆಕ್ಕ ಇಡಲು ಬಂದ ಹೊಸ ಸಾಫ್ಟ್‌ವೇರ್ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ವ್ಯವಸ್ಥೆ ಇದ್ದರೆ ಮಾತ್ರ ನಡೆಯುವಂಥದ್ದು. ಲಿನಕ್ಸ್ ಹಾಕಿಸಿಕೊಳ್ಳುವಷ್ಟು ತ್ರಾಣವಿದ್ದ ಕಂಪ್ಯೂಟರ್ ಇಡೀ ಕಟ್ಟಡದಲ್ಲಿ ಒಂದೇ. ಅದು ಮುಖ್ಯಾಧಿಕಾರಿಗಳ ಮೇಜಿನ ಮೇಲಿತ್ತು, ಅದರಲ್ಲಿ ಅವರ ಇಸ್ಪೀಟಾಟ ನಡೆದಿತ್ತು. ಅದರಲ್ಲಿದ್ದ ಹಳೆಯ ವ್ಯವಸ್ಥೆಯನ್ನು ಅಳಿಸಿದರೆ ಅವರು ಸೇವಾವಧಿಯುದ್ದಕ್ಕೂ ಬೆವರು ಸುರಿಸಿ ಗಳಿಸಿದ ಅಂಕಗಳೂ ಅಳಿಯುತ್ತವೆ. ಆದ್ದರಿಂದ ಹಳೆಯದಕ್ಕೆ ಒಂದಿಷ್ಟೂ ನೋವಾಗದಂತೆ ಅದರೊಳಗೇ ಹೊಸದನ್ನು ಕೂರಿಸಬೇಕೆಂದು ತೀರ್ಮಾನವಾಯಿತು. ಹೀಗೆ ಒಳಗೆ ಕೂರುವ, ಮೈಯಿಲ್ಲದ ಕಂಪ್ಯೂಟರಿಗೆ ವರ್ಚುವಲ್ ಮಷಿನ್ ಎನ್ನುತ್ತಾರೆ.

ಕೂರಿಸುವ ಹೊಣೆ ಕಂಪ್ಯೂಟರಮ್ಮನ ಮೇಲೆ ಬಿತ್ತು. ಅವಳ ನಿಜವಾದ ಹೆಸರನ್ನು ಕೇಳುವಷ್ಟು ಬಿಡುವು ಅಲ್ಲಿ ಯಾರಿಗೂ ಆಗಿರಲಿಲ್ಲ. ವರ್ಷಗಟ್ಟಲೆ ಗುತ್ತಿಗೆಯ ಮೇಲೆ ದುಡಿಯುತ್ತಿದ್ದಳು. ತಪಾಸಣಾಧಿಕಾರಿಗಳು ಬರುವಷ್ಟರಲ್ಲಿ ಲಿನಕ್ಸ್ ಎದ್ದು ನಿಂತರೆ ಅವಳ ಕೆಲಸ ಖಾಯಂ. ಅಷ್ಟರೊಳಗೆ ಅವಳ ಮೇಲೆ ಯಾವುದಾದರೂ ವಿಚಾರಣೆ ಎದ್ದರೆ ಗುತ್ತಿಗೆಯೂ ಇಲ್ಲ. ಮನೆಯಲ್ಲಿ ಅತ್ತೆ ದಿನಾ ಸಂಜೆ ಬಾಗಿಲು ತೆಗೆಯುವ ಮೊದಲೇ ಒಳಗಿನಿಂದ ಕೇಳುತ್ತಿದ್ದರು, "ಖಾಯಂ ಆಯ್ತಾ?" ಇಲ್ಲ ಎಂದ ಮೇಲೆ ಬಾಗಿಲು ತೆರೆಯುತ್ತಿತ್ತು, ಆದರೆ ಸ್ವಲ್ಪ ತಡವಾಗಿ.

ಮೊದಲ ದಿನವೇ ವಿಘ್ನ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ಕೂರಿಸಲು ಅದಕ್ಕೊಂದು ಸೌಲಭ್ಯ ಬೇಕು. ಕಾರ್ಖಾನೆಯವರು ಅದನ್ನು ಮುಚ್ಚಿಟ್ಟು ಕಳಿಸಿದ್ದರು. ತೆರೆಯಬೇಕಾದರೆ ಕಂಪ್ಯೂಟರನ್ನು ಆರಿಸಿ ಹೊತ್ತಿಸಬೇಕು.

"ಸಾರ್, ಒಂದ್ಸಲ ಆಫ್ ಮಾಡ್ಬೇಕು."

"ಆಟ ಅರ್ಧದಲ್ಲಿದೆಯಲ್ಲಮ್ಮಾ," ಎಂದರು ಮುಖ್ಯಾಧಿಕಾರಿಗಳು. ಅವರು ಗದರುವವರಲ್ಲ. ಬೇಸರವಾದರೆ ಪರದೆಯ ಕಡೆ ನೋಡುತ್ತ ನಿಟ್ಟುಸಿರು ಬಿಡುತ್ತಿದ್ದರು, ಆ ನಿಟ್ಟುಸಿರಿಗೇ ಎರಡು ವಿಭಾಗಗಳು ವರ್ಗವಾಗಿದ್ದವು.

ಆಟ ಮುಗಿಸುವುದು ಕಚೇರಿಯ ತುರ್ತು ಕಾರ್ಯವೆಂದು ಘೋಷಣೆಯಾಯಿತು. ತಕ್ಕಡಿಗೆ ಮುದ್ರೆ ಹಾಕಿಸಲು ಬಂದ ಅಂಗಡಿಯವರನ್ನು ಮೊಗಸಾಲೆಯಲ್ಲಿ ಕೂರಿಸಿ, ಎಲ್ಲ ವಿಭಾಗಗಳ ಹಿರಿಯರೂ ಪರದೆಯ ಸುತ್ತ ನೆರೆದು ಕೆಂಪು ರಾಣಿಯನ್ನು ಎಲ್ಲಿಡಬೇಕೆಂದು ಚರ್ಚಿಸಿದರು. ಕಾದು ಕಾದು ಸಾಕಾದ ಅಂಗಡಿಯವನೊಬ್ಬ ಬಾಗಿಲಿನಿಂದಲೇ "ಕಪ್ಪು ರಾಜನ ಮೇಲಿಡಿ ಸಾರ್" ಎಂದ. ಆಟ ಗೆದ್ದಾಯಿತು. ಅವನ ತಕ್ಕಡಿಗೆ ನೋಡದೆಯೇ ಮುದ್ರೆ ಬಿತ್ತು.

ಕಂಪ್ಯೂಟರ್ ಆರಿದ ತಕ್ಷಣ ಉಗ್ರಾಣಿ ಬಂದ. ಕಚೇರಿಯ ಸಾಮಾನುಗಳೆಲ್ಲ ಅವನ ಸುಪರ್ದಿನಲ್ಲಿದ್ದವು. ತೂಕದ ಕಚೇರಿಯಾದ್ದರಿಂದ ಅಲ್ಲಿಗೊಂದು ತನ್ನದೇ ನಿಯಮವಿತ್ತು: ತೂಗದೆ ಒಳಬಂದ ವಸ್ತುವು ಒಳಬಂದಿಲ್ಲವೆಂದೇ ಭಾವಿಸತಕ್ಕದ್ದು. ಹೊಸ ಕಂಪ್ಯೂಟರ್ ಬರುತ್ತಿದೆ, ತೂಗಬೇಕು.

"ಅದಕ್ಕೆ ತೂಕ ಇಲ್ವಲ್ಲ," ಎಂದಳು ಕಂಪ್ಯೂಟರಮ್ಮ. "ಇದರೊಳಗೇ ಇರೋದು."

"ಹಾಗಾದ್ರೆ ಸುಲಭ. ಈಗ ಖಾಲಿ ತೂಗ್ತೀನಿ. ಕೂರಿಸಿದ ಮೇಲೆ ತುಂಬಿದ್ದು ತೂಗ್ತೀನಿ. ಕಳೆದ್ರೆ ಬಂತು." ಅವನ ಲೆಕ್ಕದಲ್ಲಿ ತಪ್ಪು ಹಿಡಿಯುವಂಥದ್ದೇನೂ ಇರಲಿಲ್ಲ.

ತೂಕ ಮುಗಿಯಿತು, ಸೌಲಭ್ಯ ತೆರೆಯಿತು. ಇನ್ನು ಒಳಗಿನವರಿಗೆ ಜಾಗ ಕೊಡಬೇಕು. ಮುಖ್ಯಾಧಿಕಾರಿಗಳು ಬಾಡಿಗೆಗೆ ಮನೆ ಕೊಡುವವರ ಹಾಗೆ ಹಿಂದುಮುಂದು ನೋಡಿ, ಒಂದು ಮೂಲೆಯಷ್ಟು ಕೊಟ್ಟರು. ಅರ್ಧ ಕೂತ ಲಿನಕ್ಸ್ ಜಾಗ ಸಾಲದೆಂದು ನಿಂತುಬಿಟ್ಟಿತು. ಇನ್ನಷ್ಟು ಕೊಟ್ಟರು. ಮತ್ತೆ ನಿಂತಿತು. "ಹೀಗೇ ಕೇಳ್ತಾ ಹೋದ್ರೆ ಕೊನೆಗೆ ನಾವೇ ಹೊರಗೆ ಮಲಗ್ಬೇಕು," ಎನ್ನುತ್ತಲೇ ಅವರು ಮೊಮ್ಮಕ್ಕಳ ಫೋಟೊಗಳನ್ನು ಒಂದು ಕಡೆ ಸರಿಸಿ ಜಾಗ ಮಾಡಿಕೊಟ್ಟರು. ಒಂದರೊಳಗೊಂದು ಓಡುವ ಭರಕ್ಕೆ ಕಂಪ್ಯೂಟರ್ ಕಾದ ಹೆಂಚಾಯಿತು. ಕಂಪ್ಯೂಟರಮ್ಮ ಅದರ ಗಾಳಿಕಿಂಡಿಗಳಲ್ಲಿ ಹೆಪ್ಪುಗಟ್ಟಿದ್ದ ಧೂಳನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆದಳು. ಸ್ಥಾಪನೆ ಪೂರ್ಣಗೊಂಡಿದೆ ಎಂದು ಪರದೆ ಹೇಳಿತು. ಅವಳಿಗೆ ಕುಣಿಯಬೇಕೆನಿಸಿತು.

ಆದರೆ ಒಳಗಿನ ಯಂತ್ರ ಆರಿ ಹೊತ್ತಿಕೊಂಡಾಗ ಮೂಡಿದ್ದು 'ಸುಸ್ವಾಗತ, ಸ್ಥಾಪನೆ ಆರಂಭಿಸೋಣವೇ?' ಎಂಬ ಅದೇ ಮೊದಲ ಪುಟ. ಮತ್ತೆ ಸ್ಥಾಪಿಸಿದಳು. ಮತ್ತೆ ಸುಸ್ವಾಗತ. ಮುಖ್ಯಾಧಿಕಾರಿಗಳಿಗೆ ಇದು ಬಹಳ ಹಿಡಿಸಿತು. "ಎಷ್ಟು ಸಲ ಹೋದ್ರೂ ಮುಖ ಸಿಂಡರಿಸಲ್ಲ ನೋಡಿ. ನಮ್ಮ ಕೌಂಟರಿನೋರು ಕಲೀಬೇಕು."

ಕಂಪ್ಯೂಟರಮ್ಮ ತಲೆ ಕೆರೆದುಕೊಂಡಳು, ಆಮೇಲೆ ಹಣೆ ಚಚ್ಚಿಕೊಂಡಳು. ಲಿನಕ್ಸನ್ನು ಹೊತ್ತು ತಂದ ಡಿಸ್ಕ್ ಇನ್ನೂ ಒಳಗೇ ಇತ್ತು. ಯಂತ್ರ ಎದ್ದಾಗಲೆಲ್ಲ ಮೊದಲು ಅದನ್ನೇ ಓದುತ್ತಿತ್ತು. ಡಿಸ್ಕ್ ಎಂದರೆ ಹಿಂದಿನ ಕಾಲದ ಹೊಳೆಯುವ ತಟ್ಟೆಯಲ್ಲ. ಕಂಪ್ಯೂಟರಿನಲ್ಲೇ ಇರುವ ಒಂದು ಫೈಲು, ಅಷ್ಟೇ. ಒಳಗಿನ ಯಂತ್ರಕ್ಕೆ ಇದೇ ತಟ್ಟೆಯೆಂದು ನಂಬಿಸುತ್ತಾರೆ, ಅದು ಪಾಪ ನಂಬುತ್ತದೆ. ಅವಳು ಒಂದು ಗುಂಡಿ ಒತ್ತಿ ಡಿಸ್ಕನ್ನು ತೆಗೆದಳು. ಲಿನಕ್ಸ್ ಎದ್ದು ನಿಂತು ಹೆಸರು ಕೇಳಿತು. ಆ ಕಚೇರಿಯಲ್ಲಿ ಅವಳ ಹೆಸರು ಕೇಳಿದ್ದು ಅದೊಂದೇ, ಅವಳ ಕಣ್ಣಲ್ಲಿ ನೀರಾಡಿತು.

ಉಗ್ರಾಣಿ ತಕ್ಕಡಿ ಹೊತ್ತು ಬಂದ. ತೂಗಿದ. ಕನ್ನಡಕ ಒರೆಸಿಕೊಂಡು ಮತ್ತೆ ತೂಗಿದ. ಹೊಸ ಕಂಪ್ಯೂಟರ್ ಕೂತ ಮೇಲೆ ಹಳೆಯದರ ತೂಕ ಹೆಚ್ಚಬೇಕಿತ್ತು. ಕಡಿಮೆಯಾಗಿತ್ತು.

"ಇದರೊಳಗಿಂದ ಏನ್ ತೆಗೆದ್ರಿ?"

"ಏನಿಲ್ಲ, ಡಿಸ್ಕ್ ತೆಗೆದೆ." ಬಾಯಿಂದ ಬಂದುಬಿಟ್ಟಿತು. ಅವಳ ನೌಕರಿಯ ದಿಕ್ಕು ಬದಲಾದದ್ದು ಈ ಒಂದು ಮಾತಿನಿಂದ.

"ಎಲ್ಲಿಟ್ರಿ?"

"ಎಲ್ಲೂ ಇಟ್ಟಿಲ್ಲ. ಅದು ಇಡೋ ವಸ್ತುವಲ್ಲ." ಉಗ್ರಾಣಿಯ ಹುಬ್ಬು ಮೇಲೇರಿದ್ದನ್ನು ಕಂಡು ಅವಳು ಅವಸರದಿಂದ ಸೇರಿಸಿದಳು, "ತೂಕ ಇಳಿದಿರೋದು ಧೂಳಿಂದು. ನಾನೇ ಒರೆಸಿದ್ದು."

ಮುಖ್ಯಾಧಿಕಾರಿಗಳು ಪರದೆಯ ಕಡೆ ನೋಡುತ್ತ ನಿಟ್ಟುಸಿರು ಬಿಟ್ಟರು. "ನನ್ನ ಕಂಪ್ಯೂಟರಲ್ಲಿ ಧೂಳಿತ್ತು ಅಂತ ಬರೀತೀರಾ? ದಿನಾ ಒರೆಸ್ತಾರೆ ಅಂತ ತಿಂಗಳು ತಿಂಗಳು ನಾನು ಸಹಿ ಹಾಕ್ತಿರ್ತೀನಲ್ಲಮ್ಮಾ."

ವಿಷಯ ಇತ್ಯರ್ಥವಾಯಿತು. ಧೂಳು ಇತ್ತೆಂದು ಒಪ್ಪಿಕೊಳ್ಳುವುದು ಕಚೇರಿಗೆ ಸಾಧ್ಯವಿರಲಿಲ್ಲ, ಡಿಸ್ಕ್ ಇತ್ತೆಂದು ಒಪ್ಪಿಕೊಳ್ಳುವುದಕ್ಕೆ ಯಾವ ಅಡ್ಡಿಯೂ ಇರಲಿಲ್ಲ. ಮಧ್ಯಾಹ್ನ ಸೂಚನಾ ಫಲಕದಲ್ಲಿ ಪ್ರಕಟಣೆ ಬಿತ್ತು: 'ಕಚೇರಿಗೆ ಸೇರಿದ ಡಿಸ್ಕ್ ಒಂದು ಗೇಟ್ ಪಾಸ್ ಇಲ್ಲದೆ ಹೊರಹೋಗಿರುತ್ತದೆ. ಸಂಬಂಧಪಟ್ಟವರು ಅದನ್ನು ಒಳತಂದು, ಕ್ರಮಬದ್ಧವಾಗಿ ಹೊರತೆಗೆಯತಕ್ಕದ್ದು. ತಪ್ಪಿದಲ್ಲಿ ವಿಚಾರಣೆ.'

ವಿಚಾರಣೆ ಎಂಬ ಪದ ಓದಿದಾಗ ಕಂಪ್ಯೂಟರಮ್ಮನಿಗೆ ಸಂಜೆಯ ಬಾಗಿಲು ನೆನಪಾಯಿತು. ಇನ್ನು ವಾದ ಮಾಡಿ ಪ್ರಯೋಜನವಿಲ್ಲವೆಂದು ಒಳಗೆ ಹೋಗಿ, ಗುಂಡಿ ಒತ್ತಿ ಡಿಸ್ಕನ್ನು ವಾಪಸು ಹಾಕಿದಳು. ಪರದೆಯಲ್ಲಿ ಸುಸ್ವಾಗತ ಮೂಡಿತು. ಉಗ್ರಾಣಿ ತೂಗಿದ. ಈ ಸಲ ತೂಕ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಸರಿಯಾಗಿ ಬಂತು. ಕಂಪ್ಯೂಟರಿನ ಮೇಲೆ ಮುಖ್ಯಾಧಿಕಾರಿಗಳ ಕನ್ನಡಕ ಮತ್ತು ಬೀಗದ ಕೈಗಳ ಗೊಂಚಲು ಇದ್ದದ್ದನ್ನು ಅವಳು ನೋಡಿದಳು. ಉಗ್ರಾಣಿಯೂ ನೋಡಿದ. ಇಬ್ಬರೂ ಕಿಟಕಿಯ ಹೊರಗೆ ನೋಡಿದರು.

"ಡಿಸ್ಕ್ ವಾಪಸ್ ಬಂದಿದೆ," ಎಂದು ಉಗ್ರಾಣಿ ಘೋಷಿಸಿದ.

ಮಾರನೆಯ ದಿನ ಕ್ರಮಬದ್ಧವಾಗಿ ಹೊರತೆಗೆಯುವ ಕಾರ್ಯ. ಗುಂಡಿ ಒತ್ತಿದಳು, ಲಿನಕ್ಸ್ ಎದ್ದಿತು. ಗೇಟ್ ಪಾಸಿನಲ್ಲಿ 'ಡಿಸ್ಕ್ ಒಂದು, ಬರಿಗೈಯಲ್ಲಿ ಒಯ್ಯತಕ್ಕದ್ದು, ಚೀಲ ನಿಷಿದ್ಧ' ಎಂದಿತ್ತು. ಅವಳು ಪಾಸನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಎರಡೂ ಅಂಗೈ ಮುಂದೆ ಚಾಚಿಕೊಂಡು ಗೇಟಿಗೆ ಬಂದಳು. ಅಲ್ಲಿನ ಕಾವಲುಗಾರ ಕಣ್ಣಲ್ಲಿ ಕಣ್ಣಿಟ್ಟು ಕಾಯುವವನೆಂದು ಹೆಸರಾದವನು.

"ಎಲ್ಲಿ, ತೋರ್ಸಿ."

ತೋರಿಸಿದಳು. ಅವನು ಬಲದಿಂದ ನೋಡಿದ, ಎಡದಿಂದ ನೋಡಿದ.

"ಮೇಡಂ, ಸ್ವಲ್ಪ ಓರೆಯಾಗಿದೆ. ನೇರ ಹಿಡ್ಕೊಳ್ಳಿ, ಬೀಳುತ್ತೆ."

ಅವಳು ಅವನ ಮುಖ ನೋಡಿದಳು. ಗೇಲಿಯ ಎಳೆಯೂ ಇರಲಿಲ್ಲ. ನೇರ ಹಿಡಿದುಕೊಂಡಳು. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ಹಲ್ಲಿನಲ್ಲಿ ಪಾಸು ಇದ್ದದ್ದರಿಂದ ತಡೆಯಿತು.

"ಸಂಜೆ ಐದಕ್ಕೆ ವಾಪಸ್ ತರ್ಬೇಕು," ಎಂದ ಕಾವಲುಗಾರ, ಪಾಸಿನ ಬಣ್ಣ ತೋರಿಸಿ. "ಇದು ಹೋಗಿಬರೋ ಪಾಸು. ಹೋದ್ರೆ ಬರದೇ ಇರೋ ಪಾಸು ಮುಗಿದುಹೋಗಿದೆ, ಅಚ್ಚಿಗೆ ಹೋಗಿದೆ. ಅಲ್ಲೀವರೆಗೂ ಜೊತೇಲೇ ಇರಿ. ಕಚೇರಿ ಸಾಮಾನು, ಬೀದೀಲಿ ಬಿಟ್ಟು ಬರೋ ಹಾಗಿಲ್ಲ."

ಹೀಗಾಗಿ ಕಂಪ್ಯೂಟರಮ್ಮ ಎದುರಿನ ದರ್ಜಿಯ ಅಂಗಡಿಯ ಮುಂದಿನ ಬೆಂಚಿನ ಮೇಲೆ ದಿನವಿಡೀ ಅಂಗೈ ಚಾಚಿಕೊಂಡು ಕೂತಳು. ಸಂಜೆ ಒಳಗೊಯ್ದು ಹಾಕಿದಳು. ಬೆಳಿಗ್ಗೆ ಎಂದಿನಂತೆ ಸುಸ್ವಾಗತ, ಗುಂಡಿ, ಪಾಸು, ಗೇಟು, ಬೆಂಚು. ಒಳಗೆ ಲಿನಕ್ಸ್ ಚೊಕ್ಕವಾಗಿ ನಡೆಯುತ್ತಿತ್ತು. ಅದನ್ನು ಬಳಸಲು ತಿಳಿದಿದ್ದವಳು ಅವಳೊಬ್ಬಳೇ ಆದ್ದರಿಂದ ಅದಕ್ಕೆ ಯಾರ ಕಾಟವೂ ಇರಲಿಲ್ಲ. ಮೊದಮೊದಲು ದರ್ಜಿ ಅವಳ ಕೈಗೆ ಚಿಲ್ಲರೆ ಹಾಕಲು ಬಂದ. "ಅಯ್ಯೋ, ಗೀರು ಬೀಳುತ್ತೆ," ಎಂದು ಕಾವಲುಗಾರ ಗೇಟಿನಿಂದಲೇ ಕೂಗಿದ. ಆಮೇಲೆ ದರ್ಜಿಯೇ ಮಧ್ಯಾಹ್ನದ ಬಿಸಿಲಿಗೆ ಅವಳ ಕೈಗಳ ಮೇಲೊಂದು ಛತ್ರಿ ಕಟ್ಟಿಕೊಟ್ಟ. ಅವಳ ತಲೆಗಲ್ಲ.

ತಪಾಸಣಾಧಿಕಾರಿಗಳು ಬಂದ ದಿನ ಅವಳು ಬೆಂಚಿನ ಮೇಲೆ ಅಂಗೈ ಚಾಚಿ ಕೂತಿದ್ದಳು. ಅವರು ಕಾರಿನಿಂದಿಳಿದು ನೇರ ಅವಳ ಹತ್ತಿರವೇ ಬಂದರು. ಮುಖ್ಯಾಧಿಕಾರಿಗಳು ಹಿಂದೆ ನಿಂತು ಎಲ್ಲವನ್ನೂ ವಿವರಿಸಿದರು: ಡಿಸ್ಕ್, ಅದರ ತೂಕ, ನಿಯಮ. ತಪಾಸಣಾಧಿಕಾರಿಗಳು ಗಂಭೀರರಾದರು.

"ಈಕೆ ಖಾಯಂ ನೌಕರರಾ?"

"ಗುತ್ತಿಗೆ, ಸಾರ್."

"ಏನ್ರೀ ಇದು? ಇಂಥ ವಸ್ತೂನ ಗುತ್ತಿಗೆಯೋರ ಕೈಗೆ ಕೊಟ್ಟಿದ್ದೀರಾ? ನಾಳೆ ಕಾಣೆಯಾದ್ರೆ ಯಾರು ಜವಾಬ್ದಾರಿ?"

ಮುಖ್ಯಾಧಿಕಾರಿಗಳು ಕೈಕೈ ಹಿಸುಕಿಕೊಂಡರು. ತಪಾಸಣಾಧಿಕಾರಿಗಳು ಅಲ್ಲೇ, ಕಾರಿನ ಬಾನೆಟ್ಟಿನ ಮೇಲೆ, ಆದೇಶಕ್ಕೆ ಸಹಿ ಹಾಕಿದರು. ಡಿಸ್ಕನ್ನು ಹೊರಗೊಯ್ದು ಒಳತರುವ ಹುದ್ದೆ ಮಂಜೂರಾಯಿತು. ಹುದ್ದೆ ಖಾಯಂ. ಒಳಗೆ ಲಿನಕ್ಸ್ ನಡೆಯುತ್ತಿದೆಯೇ ಎಂದು ನೋಡಲು ಸಮಯವಾಗಲಿಲ್ಲ. ಆದೇಶವನ್ನು ಅವಳ ಕೈಗೆ ಕೊಡುವಂತಿರಲಿಲ್ಲವಾದ್ದರಿಂದ ಓದಿ ಹೇಳಿದರು.

ಆ ಸಂಜೆ ಅತ್ತೆ ಕೇಳಿದ್ದಕ್ಕೆ "ಆಯ್ತು" ಎಂದಳು. ಬಾಗಿಲು ತಟ್ಟನೆ ತೆರೆಯಿತು.

"ಏನಮ್ಮಾ ಕೆಲಸ?"

"ಒಂದು ಡಿಸ್ಕ್ ನೋಡ್ಕೋಬೇಕು ಅತ್ತೆ."

"ಭಾರ ಇದೆಯಾ?"

"ಇಲ್ಲ, ತುಂಬಾ ಹಗುರ."

"ಖಾಯಂ ಕೆಲಸ ಅಂದ್ರೆ ಹಾಗಿರ್ಬೇಕು," ಎಂದರು ಅತ್ತೆ. ಸೊಸೆಗೆ ಕೈ ನೋವಾಗಿರಬಹುದೆಂದು ಅಂದು ಪಾತ್ರೆ ತಾವೇ ತೊಳೆದರು. ಕಂಪ್ಯೂಟರಮ್ಮನಿಗೆ ಖುಷಿಯಾಯಿತು, ನಾಚಿಕೆಯೂ ಆಯಿತು. ಊಟ ಮುಗಿಯುವಷ್ಟರಲ್ಲಿ ನಾಚಿಕೆ ಹೋಯಿತು.

ಇದಾಗಿ ಬಹಳ ದಿನಗಳ ಮೇಲೆ ಒಂದು ಬೆಳಿಗ್ಗೆ, ಗೇಟು ದಾಟಿ ರಸ್ತೆಗಿಳಿದವಳಿಗೆ ಸೈಕಲ್ಲಿನವನೊಬ್ಬ ಡಿಕ್ಕಿ ಹೊಡೆದ. ಅವಳ ಅಂಗೈಗಳು ಬೇರೆಯಾದವು.

"ಬಿತ್ತು," ಎಂದಳು.

ಕಾವಲುಗಾರ ಶೀಟಿ ಊದಿ ಎರಡೂ ಕಡೆಯ ವಾಹನ ನಿಲ್ಲಿಸಿದ. ಉಗ್ರಾಣಿ ತಕ್ಕಡಿ ಹಿಡಿದು ಓಡಿ ಬಂದ. ಮುಖ್ಯಾಧಿಕಾರಿಗಳು ಆಟ ಅರ್ಧದಲ್ಲೇ ಬಿಟ್ಟು ಇಳಿದು ಬಂದರು, ಇದು ಹಿಂದೆಂದೂ ಆಗಿರಲಿಲ್ಲ. ದರ್ಜಿ ಟಾರ್ಚು ತಂದ. ಸೈಕಲ್ಲಿನವನು ತಾನೂ ಮಂಡಿಯೂರಿ, ಏನೆಂದು ಕೇಳದೆ ಹುಡುಕತೊಡಗಿದ. ಡಿಸ್ಕ್ ಎಂಬುದು ಬೀಳುವ ವಸ್ತುವಲ್ಲವೆಂದು ಅಲ್ಲಿ ತಿಳಿದಿದ್ದವಳು ಒಬ್ಬಳೇ. ಅವಳೂ ನೆಲಕ್ಕೆ ಕೆನ್ನೆ ಹಚ್ಚಿ ಬೆಂಚಿನ ಕೆಳಗೆ ಇಣುಕುತ್ತಿದ್ದಳು. "ಯಾರೂ ಕಾಲು ಅಲುಗಿಸ್ಬೇಡಿ," ಎನ್ನುವಾಗ ಅವಳ ದನಿ ಒಡೆಯಿತು.

"ಸಿಕ್ತು ಮೇಡಂ," ಎಂದ ಕಾವಲುಗಾರ, ಚರಂಡಿಯ ಅಂಚಿನಿಂದ ಬೆರಳ ತುದಿಯಲ್ಲಿ ಎತ್ತಿ ಹಿಡಿದು. ಎಲ್ಲರೂ ಉಸಿರು ಬಿಟ್ಟರು.

ಕಂಪ್ಯೂಟರಮ್ಮ ಎದ್ದು ಬಂದು, ಅವನ ಬೆರಳುಗಳ ನಡುವೆ ಬಹಳ ಹೊತ್ತು ನೋಡಿದಳು.

"ಇದಲ್ಲ," ಎಂದಳು. "ಇದು ನಮ್ಮದಲ್ಲ."

ಕಾವಲುಗಾರ ಅದನ್ನು ಗೌರವದಿಂದ ಪಕ್ಕಕ್ಕಿಟ್ಟ. ಮತ್ತೆ ಎಲ್ಲರೂ ಬಗ್ಗಿದರು. ಕೊನೆಗೆ ಗೋಡೆಯ ಬುಡದಲ್ಲಿ ಅವಳಿಗೇ ಸಿಕ್ಕಿತು. ಅವಳು ಅದನ್ನೆತ್ತಿ ಕರವಸ್ತ್ರದಿಂದ ಒರೆಸಿ, ಬೆಳಕಿಗೆ ಹಿಡಿದು ಎರಡೂ ಬದಿ ತಿರುಗಿಸಿ ನೋಡಿದಳು. ಒಂದು ಗೀರೂ ಬಿದ್ದಿರಲಿಲ್ಲ.